ತಂಬಿಗೆ ಸುತ್ತು

ನಮ್ಮೂರಿನಲ್ಲಿ ಆಟ ನೋಡಲು ಹೋಗುವ ಹಿರಿಯರು ಬಾಯಲ್ಲಿ ಎರಡು ಲವಂಗ ಇಟ್ಟುಕೊಂಡೇ ಮನೆ ಬಿಡುತ್ತಾರೆ. ಹೆಂಗಸರು ಸೆರಗಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಕೂರುತ್ತಾರೆ. ಇದು ಸಂಪ್ರದಾಯವೇನಲ್ಲ, ಬಾಯಿ ಕಾಯ್ದುಕೊಳ್ಳುವ ಉಪಾಯ. ನಮ್ಮ ಬಯಲಿನಲ್ಲಿ ಆಡುವವರನ್ನು ಯಾರಾದರೂ ಹಂಗಿಸಿದರೆ, ಹಂಗಿಸಿದವರಿಗೆ ಬಿಕ್ಕಳಿಕೆ ಹತ್ತುತ್ತದೆ. ಸುಮ್ಮನೆ ನಕ್ಕರೆ ಏನೂ ಆಗುವುದಿಲ್ಲ, ಚುಚ್ಚಿ ಆಡಿದರೆ ಮಾತ್ರ. ಒಮ್ಮೆ ಹತ್ತಿತೆಂದರೆ ಸಕ್ಕರೆ ಮುಕ್ಕಿದರೂ ಅಷ್ಟೆ, ಉಸಿರು ಬಿಗಿ ಹಿಡಿದರೂ ಅಷ್ಟೆ. ಹಂಗಿಸಿಕೊಂಡವರೇ ಬಂದು ತಂಬಿಗೆಯಿಂದ ನಿಮ್ಮ ಬೊಗಸೆಗೆ ನೀರು ಹೊಯ್ಯಬೇಕು. ಅದಕ್ಕೂ ಮೊದಲು, ನೀವು ಅಂದದ್ದನ್ನು ಅಂದ ಹಾಗೆಯೇ ಅವರ ಮುಖ ನೋಡಿ ಹೇಳಬೇಕು. ಒಂದು ಅಕ್ಷರ ನುಂಗಿದಿರೋ, ನೀರು ಬರೀ ನೀರು. ಬಸ್ ಸ್ಟ್ಯಾಂಡಿನ ಎದುರಿನ ಡಾಕ್ಟರು ತಮ್ಮ ಬಾಗಿಲಿಗೆ ‘ಆಟದ ಬಿಕ್ಕಳಿಕೆಗೆ ಇಲ್ಲಿ ಔಷಧವಿಲ್ಲ’ ಎಂದು ಬೋರ್ಡು ಹಾಕಿ ಎಷ್ಟೋ ವರ್ಷವಾಯಿತು.

ಆಟದಲ್ಲಿ ಮುಗ್ಗರಿಸಿದವರು ಹೀಗೆ ಮನೆಮನೆಗೆ ಹೋಗಿ ನೀರು ಕುಡಿಸಿ ಬರುವುದಕ್ಕೆ ನಾವು ತಂಬಿಗೆ ಸುತ್ತು ಎನ್ನುತ್ತೇವೆ. ಸುತ್ತು ಹೊರಡಲೇಬೇಕೆಂದು ಯಾರೂ ಯಾರನ್ನೂ ಒತ್ತಾಯಿಸುವಂತಿಲ್ಲ. ಹಿಂದೆ ಒಬ್ಬ ಕ್ರಿಕೆಟ್ ಆಡುವವನು ಸಿಟ್ಟು ಮಾಡಿಕೊಂಡು ಬೇರೆ ಊರಿಗೆ ಹೋಗಿಬಿಟ್ಟಿದ್ದ. ನಮ್ಮವರು ಬಸ್ಸು ಮಾಡಿಕೊಂಡು, ದಾರಿಯುದ್ದಕ್ಕೂ ಬಿಕ್ಕುತ್ತಾ, ಅವನ ಹೊಸ ಮನೆಯ ಬಾಗಿಲಿಗೆ ಹೋಗಿ ಸಾಲು ನಿಂತರು. ಪೋಸ್ಟ್ ಆಫೀಸಿನ ಸಂಕಣ್ಣನವರು ತಾವು ಅಂದ ಒಂದೇ ಒಂದು ಶಬ್ದವನ್ನು ಬಾಯಿಬಿಟ್ಟು ಹೇಳಲಾರದೆ ಮೂವತ್ತು ವರ್ಷ ಬಿಕ್ಕುತ್ತಲೇ ಇದ್ದಾರೆ. ಅವರ ಮನೆಯಲ್ಲಿ ಈಗ ಗಡಿಯಾರ ಇಲ್ಲ, ಬೇಕೆಂದು ಯಾರಿಗೂ ಅನಿಸಿಲ್ಲವಂತೆ.

ನಾನು ತುಕಾರಾಮ, ದರ್ಜಿ. ಕಾಲೇಜಿನ ಎಲ್ಲ ತಂಡಗಳ ಆಟದ ಅಂಗಿ ಹೊಲಿಯುವವನು ನಾನೇ. ಅಂಗಡಿ ಮನೆಯ ಮುಂದಿನ ಪಡಸಾಲೆಯಲ್ಲಿಯೇ ಇದೆ. ಪಕ್ಕದ ಮನೆ ಶಾವಂತ್ರವ್ವನದು. ಆಕೆ ಊರಿನ ಎರಡು ಖಾನಾವಳಿಗಳಿಗೆ ಜೋಳದ ರೊಟ್ಟಿ ಮಾಡಿಕೊಡುತ್ತಾಳೆ. ಗಂಡ ಲಾರಿ ಓಡಿಸುತ್ತಾನೆ, ತಿಂಗಳಿಗೊಮ್ಮೆ ಮನೆಗೆ ಬಂದರೆ ಬಂದ. ಒಬ್ಬಳೇ ಮಗಳು ದಾನೇಶ್ವರಿ, ಬಿ.ಎ. ಎರಡನೇ ವರ್ಷ, ಕಾಲೇಜಿನ ಖೋ ಖೋ ತಂಡದಲ್ಲಿ ಆಡುತ್ತಾಳೆ. ಆಡುತ್ತಾಳೆ ಎಂದರೆ ಅದರಲ್ಲಿ ನನ್ನದೂ ಒಂದಿಷ್ಟು ಕೈವಾಡ ಇದೆ. ಮಗಳು ಚಡ್ಡಿ ಹಾಕಿಕೊಂಡು ಊರ ಮುಂದೆ ಓಡುವುದು ಶಾವಂತ್ರವ್ವನಿಗೆ ಸುತರಾಂ ಒಪ್ಪಿಗೆ ಇರಲಿಲ್ಲ. ನಾನು ಆಕೆಯ ಕಟ್ಟೆಯ ಮೇಲೆ ಮೂರು ಸಂಜೆ ಕೂತು, ‘ಶಾವಂತ್ರವ್ವಾ, ನಿನ್ನ ಮಗಳೇನು ರೊಟ್ಟಿ ಬಡಿಯಾಕಂತ ಹುಟ್ಟಿದಾಕಿ ಅಲ್ಲ’ ಎಂದು ಭಾಷಣ ಬಿಗಿದು ಒಪ್ಪಿಸಿದ್ದೆ. ಒಪ್ಪಿಸಿ, ಅಳತೆ ತೆಗೆದು, ಏಳನೇ ನಂಬರಿನ ಅಂಗಿ ಹೊಲಿದುಕೊಟ್ಟವನೂ ನಾನೇ.

ಹೋದ ಬುಧವಾರ ನಮ್ಮೂರಿನಲ್ಲೇ ಸೆಮಿಫೈನಲ್ ಇತ್ತು. ಹನ್ನೆರಡು ಜನ ಇರಬೇಕಾದ ನಮ್ಮ ತಂಡದಲ್ಲಿ ಉಳಿದವರು ಒಂಬತ್ತೇ ಜನ. ಇಬ್ಬರಿಗೆ ಕಾಮಾಲೆ, ಒಬ್ಬಳಿಗೆ ಮದುವೆ. ಖೋ ಖೋ ಅಂಗಳಕ್ಕೆ ಒಂಬತ್ತು ಜನ ಬೇಕೇ ಬೇಕು, ಒಬ್ಬಳಿಗೆ ಕಾಲು ಉಳುಕಿದರೂ ಆಟ ಅಲ್ಲಿಗೇ ಮುಗಿಯಿತು. ಆದರೂ ಹುಡುಗಿಯರು ಕೊನೆಯ ಎರಡು ನಿಮಿಷದವರೆಗೆ ಸರಿಸಮವಾಗಿ ಆಡಿದರು. ಎದುರಿನ ಊರಿನ ಒಬ್ಬಳೇ ಒಬ್ಬ ಓಟಗಾರ್ತಿಯನ್ನು ಮುಟ್ಟಿಬಿಟ್ಟರೆ ಅಂಕ ಸಮ, ಆಟ ಉಳಿದ ಹಾಗೆ. ಆಗ ದಾನೇಶ್ವರಿಗೆ ಖೋ ಸಿಕ್ಕಿತು.

ಅವಳಿಗೆ ಏನಾಯಿತೋ ದೇವರೇ ಬಲ್ಲ. ಮೊದಲು ಎದ್ದವಳೇ ಉಲ್ಟಾ ದಿಕ್ಕಿಗೆ ಓಡಿದಳು. ಸೀಟಿ ಬಿತ್ತು. ಎರಡನೇ ಸಲ ನಡುಗೆರೆ ತುಳಿದಳು. ಮತ್ತೆ ಸೀಟಿ. ಮೂರನೇ ಸಲ ಓಟಗಾರ್ತಿ ಅಂಗಳದ ತುದಿಯ ಕಂಬ ಸುತ್ತಿ ಆಚೆಗೆ ಹೋದಾಗ, ಇವಳೂ ಅದೇ ಬಿರುಸಿನಲ್ಲಿ ಕಂಬಕ್ಕೆ ಕೈ ಹಾಕಿ ತಿರುಗಿದಳು. ಕಂಬ ಬುಡಸಮೇತ ಕಿತ್ತು ಬಂತು. ದಾನೇಶ್ವರಿ ಎರಡು ಉರುಳು ಉರುಳಿ ಕಂಬವನ್ನು ಅಪ್ಪಿಕೊಂಡು ಕೂತಳು. ಎರಡು ಮಾರು ದೂರದಲ್ಲಿ ಆ ಓಟಗಾರ್ತಿ ನಿಂತು ಚಪ್ಪಾಳೆ ಹೊಡೆದಳು. ಹೊತ್ತು ಮುಗಿಯಿತು. ಒಂದೇ ಅಂಕದಲ್ಲಿ ಸೋತೆವು.

ಆಗ ಇಡೀ ಬಯಲೇ ಬಾಯಿ ಬಿಟ್ಟಿತು. ಲವಂಗಗಳು ನೆಲಕ್ಕೆ ಬಿದ್ದವು. ನಾನೂ ಎದ್ದು ನಿಂತಿದ್ದೆ. ನನ್ನ ಗಂಟಲಿನಿಂದ ಬಂದ ಮಾತು ನನಗೇ ಕೇಳಿಸಿತು: “ಕೂಡಸ್ರಿ ಆಕೀನ್ನ! ಮನೀಗೆ ಕಳಸ್ರಿ, ಅವ್ವನ ಜೋಡಿ ರೊಟ್ಟಿ ಬಡೀಲಿ!”

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಬಾಯಿ ಮುಚ್ಚುವಷ್ಟರಲ್ಲಿ ಬಿಕ್ಕಳಿಕೆ ಹತ್ತಿತು. ಸುತ್ತಮುತ್ತ ಇನ್ನೂರು ಮುನ್ನೂರು ಜನರಿಗೂ ಹತ್ತಿತು. ಮೊದಲ ಮಳೆ ಬಿದ್ದ ಸಂಜೆ ಕೆರೆ ದಂಡೆಯಲ್ಲಿ ಕಪ್ಪೆಗಳು ಶುರು ಮಾಡುತ್ತವಲ್ಲ, ಹಾಗೆ. ನಾನು ಯಾರ ಮುಖವನ್ನೂ ನೋಡದೆ ಮನೆಗೆ ಬಂದೆ. ನಾಚಿಕೆಯಾಗಿತ್ತು. ನಾಚಿಕೆಗಿಂತ ಹೆಚ್ಚಾಗಿ ಹೆದರಿಕೆಯಾಗಿತ್ತು. ಭಾನುವಾರ ಮೂರನೇ ಸ್ಥಾನಕ್ಕೆ ಇನ್ನೊಂದು ಆಟ ಇತ್ತು. ನನ್ನ ಮಾತು ಶಾವಂತ್ರವ್ವನ ಕಿವಿಗೆ ಬಿದ್ದರೆ, ‘ಆಡಾಕ ಕಳಸು ಅಂದಾವನ ಹಿಂಗ ಅಂದ ಮ್ಯಾಲ ಮುಗೀತು’ ಎಂದು ಮಗಳನ್ನು ಒಳಗೆ ಕೂರಿಸುವುದು ಖಂಡಿತ. ಒಂಬತ್ತರಲ್ಲಿ ಒಂದು ಹೋದರೆ ಎಂಟು. ಎಂಟು ಜನಕ್ಕೆ ಆಟವೇ ಇಲ್ಲ. ಸುತ್ತು ಬಂದಾಗ ಮಾತನ್ನು ಬಾಗಿಲಲ್ಲೇ ನಿಂತು ಹೇಳಬೇಕು, ನನ್ನ ಬಾಗಿಲಿಗೂ ಆಕೆಯ ಬಾಗಿಲಿಗೂ ನಡುವೆ ಇರುವುದು ಒಂದು ತುಳಸಿಕಟ್ಟೆ.

ಹಾಗಾಗಿ ಬಿಕ್ಕಳಿಕೆಯನ್ನೇ ಮುಚ್ಚಿಡುವುದೆಂದು ತೀರ್ಮಾನಿಸಿದೆ. ಗುರುವಾರ ಬೆಳಿಗ್ಗೆ ಅಂಗಡಿ ತೆರೆದವನೇ ಹೊಲಿಗೆ ಮಿಷನ್ನು ತುಳಿಯತೊಡಗಿದೆ. ಬಟ್ಟೆ ಇದ್ದರೂ ತುಳಿದೆ, ಇಲ್ಲದಿದ್ದರೂ ತುಳಿದೆ. ಯಾರಾದರೂ ಬಂದರೆ ಇನ್ನೂ ಜೋರಾಗಿ ತುಳಿದೆ. ಸದ್ದಿನಲ್ಲಿ ಸದ್ದು ಅಡಗಲಿ ಎಂದು. ಪಕ್ಕದಲ್ಲಿ ಶಾವಂತ್ರವ್ವ ರೊಟ್ಟಿ ಬಡಿಯುವ ಸದ್ದೂ ಆವತ್ತು ಬೆಳಗಿನಿಂದ ನಿಂತಿರಲಿಲ್ಲ. ಖಾನಾವಳಿಗೆ ದೊಡ್ಡ ಗುಂಪು ಬಂದಿರಬೇಕು ಎಂದುಕೊಂಡೆ.

ಹತ್ತು ಗಂಟೆಯ ಹೊತ್ತಿಗೆ ತಂಡದ ಎಂಟು ಹುಡುಗಿಯರು ದಾನೇಶ್ವರಿಯ ಕಟ್ಟೆಗೆ ಬಂದರು. ಮುಂದೆ ಇದ್ದವಳು ನಾಯಕಿ ರೆಹಾನಾ. ಕಂಕುಳಲ್ಲಿ ಒಂದು ಕೊಡ, ಕೈಯಲ್ಲಿ ಒಂದು ತಂಬಿಗೆ. ಮಂಡಿಗೆ ಅರಿಶಿನ ಮೆತ್ತಿಕೊಂಡು ಕೂತಿದ್ದ ದಾನೇಶ್ವರಿ ತಲೆ ಎತ್ತಲಿಲ್ಲ.

“ಊರಾಗ ನಿನ್ನೆಯಿಂದ ಒಬ್ಬರೂ ಛಂದಾಗಿ ಚಾ ಕುಡದಿಲ್ಲ ದಾನಿ,” ಅಂದಳು ರೆಹಾನಾ.

“ಬಿಕ್ಕಲಿ. ಬಂದ ಬೈರಿ ಅಂತ ನಾ ಏನರ ಕರದಿದ್ನೇನು?”

“ಇಲ್ಲ. ನೀ ಬಿಕ್ಕಲಿ ಅಂದ್ರ ಬಿಕ್ಕಲಿ. ನಾವೂ ಇಲ್ಲೇ ನಿನ್ನ ಕೂಡ ಕುಂಡರ್ತೀವಿ. ಹೋಗೂಣು ಅಂದ್ರ ಕೊಡ ನಾವು ಹೊರತೀವಿ.”

ಎಂಟೂ ಜನ ಕೂತೇಬಿಟ್ಟರು. ಕಟ್ಟೆ ಸಾಲದೆ ಇಬ್ಬರು ನನ್ನ ಅಂಗಡಿಯ ಮೆಟ್ಟಿಲಿಗೆ ಬಂದರು. ನಾನು ಮಿಷನ್ನಿನ ಮೇಲೆ ಬಗ್ಗಿದೆ. ಕೊನೆಗೆ ದಾನೇಶ್ವರಿ ಸಣ್ಣ ದನಿಯಲ್ಲಿ, “ನೀರ ಹಾಕೂದು ಏನಲ್ಲ. ಅವರು ಅಂದಿದ್ದನ್ನೆಲ್ಲಾ ಮತ್ತೊಮ್ಮೆ ಕೇಳಬೇಕಲ್ಲ,” ಅಂದಳು.

“ಒಬ್ಬಾಕೀನ ಯಾಕ ಕೇಳ್ತಿ? ನಾವೂ ನಿಂತು ಕೇಳ್ತೀವಿ. ಒಂಬತ್ತು ಪಾಲ ಮಾಡಿದ್ರ ಒಬ್ಬೊಬ್ಬರಿಗೆ ಎಷ್ಟ ಬಂದೀತು?”

ದಾನೇಶ್ವರಿ ಎದ್ದು ಒಳಗೆ ಹೋದಳು. ಮುಖ ತೊಳೆದು, ಜಡೆ ಬಿಗಿದುಕೊಂಡು ಬಂದಳು. ಆಟಕ್ಕೆ ಹೊರಟವರ ಹಾಗೆ ಒಂಬತ್ತೂ ಜನ ಸಾಲಾಗಿ ಹೋದರು. ನಾನು ಆ ಸಾಲು ಓಣಿಯ ತಿರುವಿನಲ್ಲಿ ಮರೆಯಾಗುವವರೆಗೂ ನೋಡಿದೆ.

ದರ್ಜಿಯ ಅಂಗಡಿಗೆ ಊರಿನ ಸುದ್ದಿ ಅಂಗಿಯ ಗುಂಡಿಗಿಂತ ಮೊದಲು ಬರುತ್ತದೆ. ಮೊದಲ ದಿನ ಕಾಲೇಜಿನ ಅಂಗಳದಲ್ಲೇ ಶುರುವಾಯಿತಂತೆ. ಪ್ರಿನ್ಸಿಪಾಲರು ಬೆಳಗಿನ ಪ್ರಾರ್ಥನೆಯಲ್ಲಿ ನಾಲ್ಕು ಮಾತಿಗೊಂದು ಸಲ ಬಿಕ್ಕಿ ಇಡೀ ಕಾಲೇಜಿನ ಎದುರು ಸಿಕ್ಕಿಬಿದ್ದಿದ್ದರು. ಅವರು ಹುಡುಗರ ಜೊತೆ ಸಾಲಿನಲ್ಲೇ ನಿಂತು, ತಮ್ಮ ಸರದಿ ಬಂದಾಗ ಕನ್ನಡಕ ತೆಗೆದು ಜೇಬಿನಲ್ಲಿಟ್ಟುಕೊಂಡು, “ನಮ್ಮ ಕಾಲೇಜಿನ ಮಾನ ಕಂಬದ ಕೂಡ ಕಿತ್ತ ಬಂತು ಅಂದಿದ್ದೆವ್ವಾ,” ಎಂದರಂತೆ. ದಾನೇಶ್ವರಿ ನೀರು ಹೊಯ್ದು, “ಕಂಬ ತಿರುಗಿ ಹುಗದೀವಿ ಸರ್,” ಎಂದಳಂತೆ. ಕ್ಷೌರದಂಗಡಿಯ ಮುಂದೆ ಅರ್ಧ ಗಡ್ಡ ಬೋಳಿಸಿಕೊಂಡ ಗಿರಾಕಿಗಳೇ ನಾಲ್ಕು ಜನ ಇದ್ದರಂತೆ, ಬಿಕ್ಕುವವರ ಕುತ್ತಿಗೆಗೆ ಕತ್ತಿ ಇಡಲು ಕ್ಷೌರಿಕ ಒಪ್ಪಿರಲಿಲ್ಲ. ಒಬ್ಬ ಲೆಕ್ಚರರು ‘ಕುಣಿಯಲಾರದವಳು ನೆಲ ಡೊಂಕು ಅಂದಳು’ ಎಂಬ ಗಾದೆಯನ್ನಷ್ಟೇ ಹೇಳಿದ್ದು, ಅದು ಗಾದೆ, ಬೈಗುಳವಲ್ಲ ಎಂದು ವಾದಿಸಿದರಂತೆ. ಬಿಕ್ಕಳಿಕೆ ಅವರ ವಾದವನ್ನು ಕೇಳಲಿಲ್ಲ.

ಹೂ ಮಾರುವ ಗೌರವ್ವ ಮಾತ್ರ ಬಹಳ ಹೊತ್ತು ಬಾಯಿ ಬಿಡಲಿಲ್ಲವಂತೆ. ಹುಡುಗಿಯರು ಬುಟ್ಟಿಯ ಎದುರು ಕೂತು ಕಾದರು. ಕೊನೆಗೆ ಆಕೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡು, “ಹೆಂಗ ಅಪ್ಪಿಕೊಂಡಾಳ ನೋಡ್ರಿ, ಆ ಕಂಬದ ಜೋಡಿನ ಲಗ್ನ ಮಾಡಿಬಿಡ್ರಿ ಅಂದೆನವ್ವಾ,” ಎಂದಳಂತೆ. ದಾನೇಶ್ವರಿ ತಂಬಿಗೆ ಹಿಡಿದುಕೊಂಡೇ ನಗತೊಡಗಿದಳು. ಒಂಬತ್ತೂ ಜನ ನಕ್ಕು ನಕ್ಕು ಕೊಡದ ನೀರೆಲ್ಲ ತುಳುಕಿತು. ಗೌರವ್ವ ಅವರಿಗೆಲ್ಲ ಒಂದೊಂದು ಮೊಳ ಸೇವಂತಿಗೆ ಕೊಟ್ಟಳಂತೆ. ಸಂಜೆ ಮನೆಗೆ ಬಂದಾಗ ದಾನೇಶ್ವರಿಯ ಜಡೆಯಲ್ಲಿ ಹೂವು ಇದ್ದದ್ದನ್ನು ನಾನೇ ನೋಡಿದೆ. ಕಣ್ಣುಗಳು ಮಾತ್ರ ದಣಿದಿದ್ದವು. ಎಲ್ಲರ ಮಾತೂ ನಗುವಂಥದ್ದಾಗಿರಲಿಲ್ಲ. ಅವಳ ಅಪ್ಪನನ್ನು ಎಳೆದು ತಂದವರಿದ್ದರು, ಅವಳ ಮೈಬಣ್ಣವನ್ನು ಆಡಿಕೊಂಡವರಿದ್ದರು. ಅವರೂ ಬಂದು ಹೇಳಿದರು, ಅವಳು ಕೇಳಿಸಿಕೊಂಡು ನೀರು ಹೊಯ್ದಳು.

ಅಂಗಡಿಯ ಮುಂದೆ ಹಾದುಹೋಗುವಾಗ ಒಂದು ಕ್ಷಣ ನಿಂತು, “ಕಾಕಾ, ನಿಮ್ಮ ಮಿಷನ್ನು ಇವತ್ತ ಭಾಳ ಸದ್ದ ಮಾಡಾಕತ್ತೈತಿ,” ಅಂದಳು.

“ಎಣ್ಣಿ ಬಿಡಬೇಕವ್ವಾ,” ಅಂದೆ, ಎರಡು ಬಿಕ್ಕಳಿಕೆಯ ನಡುವೆ ಸಂದು ನೋಡಿ.

ಶುಕ್ರವಾರ ಬೆಳಗಿನ ಬಸ್ಸಿಗೆ ಒಬ್ಬ ಹುಡುಗಿ ಬಂದಿಳಿದಳು. ನೋಡಿದರೆ ಅಂದು ಚಪ್ಪಾಳೆ ಹೊಡೆದ ಓಟಗಾರ್ತಿ. ನನ್ನ ಅಂಗಡಿಯ ಮುಂದೆಯೇ ನಿಂತು, “ದಾನೇಶ್ವರಿ… ಹಿಕ್… ಅವರ ಮನಿ ಯಾವುದ್ರಿ?” ಎಂದಳು.

“ಇದ… ಹಿಕ್… ಬಾಜೂಕಿಂದವ್ವಾ.”

ಅವಳು ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು. “ನೀವೂ ಏನ್ರಿ?”

“ಇಲ್ಲವಾ, ಮೆಣಸಿನಕಾಯಿ ತಿಂದೀನಿ.”

“ನಮ್ಮೂರಾಗ ನಾನೂ ಎಲ್ಲಾರಿಗೂ ಹಂಗ ಹೇಳೀನ್ರಿ,” ಎಂದು ಹುಡುಗಿ ಪಕ್ಕದ ಮನೆಯ ಕಡೆ ಹೋದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ ನಾನು ನನ್ನ ಗಂಟಲು ಮುಟ್ಟಿಕೊಂಡೆ.

ದಾನೇಶ್ವರಿ ಅವಳಿಗೆ ಏನು ಅಂದಾಳು ಎಂದು ನನಗೆ ಕುತೂಹಲ. ಆ ಹುಡುಗಿ, “ನಾ ಬಾಯಿಲೆ ಏನೂ ಅನ್ನಲಿಲ್ಲ, ಚಪ್ಪಾಳಿ ಹೊಡದೆ, ಅದೂ ಬೈದಂಗನ,” ಎಂದು ಒಪ್ಪಿಕೊಂಡು ಇನ್ನೊಮ್ಮೆ ಅದೇ ಥರ ಚಪ್ಪಾಳೆ ಹೊಡೆದು ತೋರಿಸಿದಳು. ದಾನೇಶ್ವರಿ ನೀರು ಹೊಯ್ದಳು. ಆಮೇಲೆ, “ಆತು. ಈಗ ನೀ ಕಂಬ ಹೆಂಗ ತಿರಗ್ತೀ, ಅದನ್ನ ತೋರಸು,” ಅಂದಳು. ಇಬ್ಬರೂ ಓಣಿಯ ಲೈಟಿನ ಕಂಬದ ಹತ್ತಿರ ಒಂದು ತಾಸು ಸುತ್ತಿದರು. ಕೈಯಿಂದ ಕಂಬವನ್ನು ಎಳೆಯಬಾರದಂತೆ. ಹೆಗಲನ್ನು ಒಳಗೆ ವಾಲಿಸಿ, ಕಂಬವನ್ನು ಕೈಯಲ್ಲಿ ಸವರಿ ಬಿಡಬೇಕಂತೆ. ಸೋಲಿಸಿದವಳನ್ನೇ ಗುರು ಮಾಡಿಕೊಂಡು ನಮ್ಮ ಹುಡುಗಿ ಹತ್ತು ಸಲ, ಇಪ್ಪತ್ತು ಸಲ ತಿರುಗಿದಳು. ನೋಡುತ್ತಾ ನನಗೆ ಹೆಮ್ಮೆಯಾಯಿತು. ಹೆಮ್ಮೆ ಪಡುವ ಯೋಗ್ಯತೆ ನನಗೆಲ್ಲಿತ್ತು? ಆದರೂ ಆಯಿತು.

ಶನಿವಾರ ಸಂಜೆಗೆ ಸುತ್ತು ಮುಗಿಯಿತು. ಇನ್ನೂರ ಎಪ್ಪತ್ತೊಂದು ಜನ ಎಂದು ರೆಹಾನಾ ಓಣಿಯಲ್ಲಿ ಸಾರಿಕೊಂಡು ಹೋದಳು. ಊರು ಸದ್ದಿಲ್ಲದೆ ತಣ್ಣಗಾಯಿತು. ನನ್ನ ಮಿಷನ್ನು ಮತ್ತು ಶಾವಂತ್ರವ್ವನ ರೊಟ್ಟಿ, ಇವೆರಡೇ ಸದ್ದು ಉಳಿದದ್ದು. ನನ್ನ ಕೈಯಲ್ಲಿದ್ದದ್ದು ಬಿದ್ದಾಗ ಹರಿದಿದ್ದ ದಾನೇಶ್ವರಿಯ ಏಳನೇ ನಂಬರಿನ ಅಂಗಿ. ಮೂರು ಸಲ ಹೊಲಿದೆ, ಮೂರು ಸಲವೂ ಬಿಕ್ಕಳಿಕೆಗೆ ಕೈ ಹಾರಿ ಹೊಲಿಗೆ ಸೊಟ್ಟಗಾಯಿತು. ಬಿಚ್ಚಿದೆ. ನಾಲ್ಕನೇ ಸಲ ಸೂಜಿಗೆ ದಾರ ಪೋಣಿಸುತ್ತಿದ್ದಾಗ ದಾನೇಶ್ವರಿ ಒಬ್ಬಳೇ ಬಂದು ಮೆಟ್ಟಿಲ ಮೇಲೆ ನಿಂತಳು. ಕೈಯಲ್ಲಿ ತಂಬಿಗೆ ಇತ್ತು.

“ಅಂಗಿ ಆತೇನ್ರಿ ಕಾಕಾ?”

ನಾನು ಗಡಬಡಿಸಿ ಮಿಷನ್ನು ತುಳಿಯುತ್ತಾ ಇಲ್ಲವೆಂದು ತಲೆ ಅಲ್ಲಾಡಿಸಿದೆ. ಅವಳು ಬಗ್ಗಿ ಮಿಷನ್ನಿನ ಗಾಲಿಯ ಮೇಲೆ ಕೈ ಇಟ್ಟಳು. ಗಾಲಿ ನಿಂತಿತು. ಮೂರು ದಿನದಲ್ಲಿ ಮೊದಲ ಸಲ ನನ್ನ ಬಿಕ್ಕಳಿಕೆ ಅವಳ ಕಿವಿಗೆ ಬಿತ್ತು.

“ತಂಬಿಗ್ಯಾಗ ಇನ್ನ ಸ್ವಲ್ಪ ನೀರ ಉಳದಾವು,” ಅಂದಳು.

“ಬ್ಯಾಡವ್ವಾ ದಾನಿ. ನಾಳೆ ಆಟ ಮುಗೀಲಿ. ಮುಗದ ಮ್ಯಾಲ ಹೇಳ್ತೀನಿ, ನಿನ್ನ ಕಾಲ ಮುಟ್ಟಿ ಹೇಳ್ತೀನಿ.” ಕಣ್ಣಿನಲ್ಲೇ ಅವಳ ಮನೆಯ ಬಾಗಿಲನ್ನು ತೋರಿಸಿದೆ. “ನಿಮ್ಮವ್ವ ಕೇಳಿಸಿಕೊಂಡ್ರ ನಾಳೆ ನಿನ್ನ ಕಳಸೂದಿಲ್ಲ.”

“ಕಳಸಲಿಲ್ಲಂದ್ರ ಅದನ್ನ ಆಮ್ಯಾಲ ನೋಡೂಣು. ನಾಳೆ ನಾ ಅಂಗಳಕ್ಕ ಇಳದಾಗ ಯಾರ ಹೊಟ್ಟ್ಯಾಗೂ ನನ್ನ ಮಾತ ಉಳದಿರಬಾರದು ಕಾಕಾ. ಅದರಾಗೂ ನಿಮ್ಮ ಹೊಟ್ಟ್ಯಾಗ.”

ಅವಳ ಒಳ್ಳೆಯದಕ್ಕೆಂದೇ ಸುಮ್ಮನಿದ್ದೇನೆ ಎಂದು ಮೂರು ದಿನ ನನಗೆ ನಾನೇ ಹೇಳಿಕೊಂಡಿದ್ದೆ. ಅವಳ ಮುಖ ನೋಡಿದ ಮೇಲೆ ಆ ಸುಳ್ಳು ನಿಲ್ಲಲಿಲ್ಲ. ನಾನು ಕಾಪಾಡಿಕೊಂಡಿದ್ದದ್ದು ನನ್ನ ಮರ್ಯಾದೆಯನ್ನು. ಎದ್ದು ಬೊಗಸೆ ಒಡ್ಡಿದೆ. ಆದರೂ ಕಳ್ಳಬುದ್ಧಿ ಬಿಡಬೇಕಲ್ಲ, “ಕೂಡಸ್ರಿ ಆಕೀನ್ನ, ಮನೀಗೆ ಕಳಸ್ರಿ ಅಂದಿದ್ದೆ,” ಎಂದು ಅಲ್ಲಿಗೇ ನಿಲ್ಲಿಸಿದೆ. ಅವಳು ನೀರು ಹೊಯ್ದಳು. ಕುಡಿದೆ. ಕುಡಿದು ಮುಗಿಸುವಷ್ಟರಲ್ಲಿ ಮತ್ತೆ ಬಿಕ್ಕಿದೆ.

“ಇನ್ನೂ ಐತಿ ಅನಸ್ತೈತಿ,” ಅಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇನ್ನೂರ ಎಪ್ಪತ್ತೊಂದು ಜನರ ಎದುರು ನಿಂತು ಕಲಿತ ತಾಳ್ಮೆ ಅದು.

ನಾನು ಕಣ್ಣು ಮುಚ್ಚಬೇಕೆಂದುಕೊಂಡೆ, ಮುಚ್ಚುವಂತಿರಲಿಲ್ಲ. “ಕೂಡಸ್ರಿ ಆಕೀನ್ನ. ಮನೀಗೆ ಕಳಸ್ರಿ, ಅವ್ವನ ಜೋಡಿ ರೊಟ್ಟಿ ಬಡೀಲಿ. ಅಂದವ ನಾನ. ಎಲ್ಲಾರಿಗಿಂತ ಜೋರಾಗಿ ಅಂದೆ.”

ಆ ಮಾತಿನ ಹಿಂದೆ ಇದ್ದ ಮೂರು ಸಂಜೆಯ ಭಾಷಣ ಅವಳಿಗೂ ನೆನಪಿತ್ತು. ಆಮೇಲೆ ತಂಬಿಗೆಯನ್ನು ಕೊನೆಯ ಹನಿಯವರೆಗೂ ನನ್ನ ಬೊಗಸೆಗೆ ಬಗ್ಗಿಸಿದಳು. ಕುಡಿದೆ. ಎದೆಯಲ್ಲಿ ಸಿಕ್ಕಿಕೊಂಡದ್ದೇನೋ ಇಳಿದುಹೋಯಿತು. ಬಿಕ್ಕಳಿಕೆ ನಿಂತಿತು.

ನಿಂತಿತು, ಆದರೆ ಬಿಕ್ಕಳಿಕೆ ಕೇಳಿಸಿತು. ದಾನೇಶ್ವರಿಯೂ ನಾನೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ರೊಟ್ಟಿಯ ಸದ್ದು ಯಾವಾಗಲೋ ನಿಂತುಹೋಗಿತ್ತು. ತುಳಸಿಕಟ್ಟೆಯ ಆಚೆ ಶಾವಂತ್ರವ್ವ ನಿಂತಿದ್ದಳು. ಎರಡೂ ಕೈಗೆ ಜೋಳದ ಹಿಟ್ಟು ಮೆತ್ತಿತ್ತು. ಇನ್ನು ನನ್ನ ಕತೆ ಮುಗಿಯಿತು, ಆಟದ ಕತೆಯೂ ಮುಗಿಯಿತು ಎಂದು ಕೈಮುಗಿದುಕೊಂಡೇ ನಿಂತೆ. ಆಕೆ ನನ್ನನ್ನು ಬೈಯಲಿಲ್ಲ.

“ನೀ ಬೈದಿ ತುಕಾರಾಮಣ್ಣ,” ಅಂದಳು. “ಬೈದ್ರೂ ನಮ್ಮಾಕಿ ಅಂತ ಬೈದಿ.” ಮತ್ತೆ ಒಂದು ಬಿಕ್ಕಳಿಕೆ ಬಂತು. “ನಾ ಏನ ಮಾಡೀನಿ, ಕೇಳು.”

“ಯವ್ವಾ, ನೀ ಆಟಕ್ಕ ಬಂದಿದ್ದ್ಯಾ?” ದಾನೇಶ್ವರಿ ಕೇಳಿದಳು.

ಬಂದಿದ್ದಳಂತೆ. ಬಿಕ್ಕಳಿಕೆಯನ್ನು ಹಗಲು ರೊಟ್ಟಿಯ ಸದ್ದಿನಲ್ಲಿ ಅಡಗಿಸಿ, ರಾತ್ರಿ ಮಗಳಿಗೆ ಕೇಳದಂತೆ ಹಿತ್ತಲಿನಲ್ಲಿ ಮಲಗಿದ್ದಳಂತೆ. ಎರಡು ವರ್ಷದಲ್ಲಿ ಒಮ್ಮೆಯೂ ಬಯಲಿನ ಕಡೆ ತಲೆ ಹಾಕದವಳು ಬುಧವಾರ ರೊಟ್ಟಿಯ ಬುಟ್ಟಿ ಖಾನಾವಳಿಗೆ ಮುಟ್ಟಿಸಿ, ಯಾರಿಗೂ ಹೇಳದೆ, ಗುರುತಿಲ್ಲದ ಓಣಿಯ ಹೆಂಗಸರ ನಡುವೆ ಹೋಗಿ ಕೂತಿದ್ದಳಂತೆ. ಮಗಳು ಇಬ್ಬರನ್ನು ಮುಟ್ಟಿ ಔಟ್ ಮಾಡಿದ್ದನ್ನು ನೋಡಿ ಸೆರಗಿನೊಳಗೇ ನಕ್ಕಿದ್ದಳಂತೆ. ಆಮೇಲೆ ಕಂಬ ಕಿತ್ತು ಬಂತು. ಊರೆಲ್ಲ ಕೂಗಿತು. ಪಕ್ಕದ ಹೆಂಗಸರು ಆಕೆಯ ಕಡೆ ತಿರುಗಿ, ‘ಯಾವಾಕಿ ಮಗಳವ್ವಾ ಇಕಿ?’ ಎಂದು ಕೇಳಿದರು.

ಶಾವಂತ್ರವ್ವ ಮಗಳ ಎದುರು ಬಂದು ನಿಂತಳು. ಮುಖ ಎತ್ತಿ, ಅಂದದ್ದನ್ನು ಅಂದ ಹಾಗೆಯೇ ಹೇಳಿದಳು: “ಯಾರ ಮಗಳೋ ಏನೋ, ನಾ ಕಾಣೆ.”

ಮೂರು ದಿನ ಊರಿನ ಬಾಯಿಯೆಲ್ಲ ಕೇಳಿಸಿಕೊಂಡು ಒಂದು ಹನಿ ಕಣ್ಣೀರು ಹಾಕದ ಹುಡುಗಿ ನನ್ನ ಮೆಟ್ಟಿಲ ಮೇಲೆ ಕುಸಿದು ಕೂತಳು. ಮಂಡಿಗೆ ಮುಖ ಒತ್ತಿಕೊಂಡು ಅತ್ತಳು. ಜೋರಾಗಿ ಅತ್ತಳು. ಶಾವಂತ್ರವ್ವ ಮುಟ್ಟಲು ಹೋಗಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಬಿಕ್ಕುತ್ತಾ ನಿಂತೇ ಇದ್ದಳು. ನೀರು ಕೊಟ್ಟರೆ ಕೊಡಲಿ, ಕೊಡದಿದ್ದರೆ ಇಲ್ಲ ಎಂಬ ಹಾಗೆ. ನನಗೆ ನೋಡಲಾಗದೆ ಅಂಗಿಯ ಮಡಿಕೆ ಬಿಡಿಸುತ್ತಾ ನಿಂತೆ.

ಸ್ವಲ್ಪ ಹೊತ್ತಿಗೆ ದಾನೇಶ್ವರಿ ಎದ್ದಳು. ತಂಬಿಗೆಯೊಳಗೆ ನೋಡಿದಳು. ಖಾಲಿಯಾಗಿತ್ತು, ನನಗೇ ಎರಡು ಸಲ ಹೊಯ್ದು ಮುಗಿದಿತ್ತು. ತಮ್ಮ ಮನೆಯೊಳಗೆ ಹೋಗಿ ನೀರಿನ ಹರವಿಯಿಂದ ತುಂಬಿಕೊಂಡು ಬಂದಳು. ಶಾವಂತ್ರವ್ವ ಬೊಗಸೆ ಒಡ್ಡಿದಳು. ಕೈ ತೊಳೆದುಕೊಳ್ಳುವುದು ಇಬ್ಬರಿಗೂ ನೆನಪಾಗಲಿಲ್ಲ. ನೀರು ಹಿಟ್ಟಿನ ಜೊತೆ ಬೆಳ್ಳಗಾಯಿತು. ಆಕೆ ಹಿಟ್ಟುಸಮೇತ ಕುಡಿದಳು. ಕುಡಿದು, ಉಸಿರು ಬಿಟ್ಟು, ಒದ್ದೆ ಕೈಯಲ್ಲೇ ಮಗಳ ಕಣ್ಣು ಒರೆಸಿದಳು. ದಾನೇಶ್ವರಿಯ ಎರಡೂ ಕೆನ್ನೆಗೆ ಹಿಟ್ಟು ಮೆತ್ತಿತು.

“ನಾಳೆ ಎಷ್ಟಕ್ಕ ಆಟ?” ಕೇಳಿದಳು ಶಾವಂತ್ರವ್ವ.

“ಹತ್ತಕ್ಕ.”

“ರೊಟ್ಟಿ ನಸುಕಿನ್ಯಾಗ ಮುಗಸ್ತೀನಿ. ಮುಂದ ಕುಂಡರ್ತೀನಿ.”

“ಮತ್ತ ಬಿದ್ರ?”

“ಬಿದ್ರ ಬೈತೀನಿ,” ಅಂದಳು ತಾಯಿ. “ನೀರ ಕುಡಸಾಕ ಮನ್ಯಾಗ ನೀ ಅದಿಯಲ್ಲ.”

ಭಾನುವಾರ ಹುಡುಗಿಯ ಅಂಗಿಯ ಹೊಲಿಗೆ ನೆಟ್ಟಗಿತ್ತು. ಆಟವೂ ಚೆನ್ನಾಗಿಯೇ ಆಯಿತು. ದಾನೇಶ್ವರಿ ಕಂಬಕ್ಕೆ ಹೆಗಲು ವಾಲಿಸಿ ತಿರುಗಿ ಇಬ್ಬರನ್ನು ಔಟ್ ಮಾಡಿದಳು. ಕಂಬ ಕಂಬದ ಜಾಗದಲ್ಲೇ ಇತ್ತು. ಎರಡು ಅಂಕದಿಂದ ಗೆದ್ದು ಮೂರನೇ ಸ್ಥಾನ ಬಂತು. ಆದರೆ ನಡುವೆ ಒಮ್ಮೆ, ಮೂರನೆಯವಳ ಬೆನ್ನು ಹತ್ತಿದಾಗ, ಕಾಲು ಜಾರಿ ಬೋರಲಾಗಿ ಬಿದ್ದಳು. ಸಾವಿರ ಜನರ ಬಯಲು ಉಸಿರು ಬಿಗಿ ಹಿಡಿಯಿತು. ಯಾರೂ ತುಟಿ ಪಿಟಕ್ಕೆನ್ನಲಿಲ್ಲ. ಮುಂದಿನ ಸಾಲಿನಲ್ಲಿ ಒಬ್ಬಳೇ ಹೆಂಗಸು ಎದ್ದು ನಿಂತಳು.

“ಏಳ ಮ್ಯಾಲ! ಕಣ್ಣ ಎಲ್ಲಿಟ್ಟಗೊಂಡ ಓಡಾಕತ್ತಿ, ಎಮ್ಮಿ ಅಂಥಾಕಿ!”

ದಾನೇಶ್ವರಿ ಮಣ್ಣು ಕೊಡವಿಕೊಂಡು ಎದ್ದಳು. ಅಂದು ಇಡೀ ಊರಿನಲ್ಲಿ ಬಿಕ್ಕಳಿಕೆ ಹತ್ತಿದ್ದು ಒಬ್ಬರಿಗೇ.

ಆಟ ಮುಗಿದ ಮೇಲೆ ರೆಹಾನಾ ತಂಬಿಗೆ ತಂದಳು. ದಾನೇಶ್ವರಿ ನಗುತ್ತಾ, “ಬಾ ಯವ್ವಾ, ಬೊಗಸಿ ಹಿಡಿ,” ಎಂದು ಕರೆದಳು. ಶಾವಂತ್ರವ್ವ ಕೈ ಹಿಂದಕ್ಕೆ ಕಟ್ಟಿಕೊಂಡಳು.

“ಮನೀಗೆ ಹೋದ ಮ್ಯಾಲ ಕೊಡು. ಇಷ್ಟ ಲಗೂನ ಬ್ಯಾಡ.”

ಹತ್ತಿರದ ದಾರಿ ಇತ್ತು. ಆಕೆ ಅದನ್ನು ಬಿಟ್ಟು ಬಜಾರದ ನಟ್ಟನಡುವೆ ಹಾದು, ಬುಧವಾರ ತನ್ನ ಪಕ್ಕ ಕೂತಿದ್ದ ಹೆಂಗಸರ ಓಣಿಯನ್ನು ಹೊಕ್ಕಳು. ನಾನೂ ಹುಡುಗಿಯರೂ ಹಿಂದೆ ಹಿಂದೆ ಹೋದೆವು. ಸೆರಗು ಬಾಯಿಗೆ ಅಡ್ಡ ಹಿಡಿಯದೆ, ತಲೆ ಎತ್ತಿಕೊಂಡು, ಹೆಜ್ಜೆಗೊಮ್ಮೆ ಬಿಕ್ಕುತ್ತಾ ಆಕೆ ನಡೆದಳು. ಕಟ್ಟೆಯ ಮೇಲೆ ಕೂತವರಲ್ಲಿ ಒಬ್ಬಳು ಮರುಕದಿಂದ, “ಯಾರಿಗೆ ಬೈದ್ಯವ್ವಾ?” ಎಂದು ಕೇಳಿದಳು.

ಶಾವಂತ್ರವ್ವ ನಿಂತಳು. “ನನ್ನ ಮಗಳಿಗೆ,” ಅಂದಳು. ಒಂದು ಬಿಕ್ಕಳಿಕೆ ಬಂತು, ಅದು ಮುಗಿಯುವವರೆಗೆ ಕಾದಳು. “ಆವತ್ತ ಕಂಬ ಕಿತ್ತಾಕಿ ಇದ್ಲಲ್ಲ, ಆಕೀಗೆ.”